ವೆಲಿಕಾಳ ಸೊಂಟದಳತೆಯ ಮರ

ಅಕ್ರೋಟು ನೆಟ್ಟವರು, ಅದರ ಕಾಂಡ ತಮ್ಮ ಸೊಂಟದಷ್ಟು ದಪ್ಪವಾದ ವರ್ಷ ಸಾಯುತ್ತಾರೆ ಎಂದು ನಮ್ಮ ಬಾಲ್ಕನ್ ಬೆಟ್ಟದ ಬುಡದ ಊರುಗಳು ನಂಬುತ್ತವೆ. ಹಾಗಾಗಿ ಇಲ್ಲಿ ಅಕ್ರೋಟು ನೆಡುವುದು ಎಂಬತ್ತು ದಾಟಿದ ಮುದುಕರ ಕೆಲಸ. ಮಿಕ್ಕಿದ್ದೆಲ್ಲ ಕಾಗೆ ನೆಟ್ಟದ್ದು. ನಮ್ಮತ್ತೆ ವೆಲಿಕಾ ಮಾತ್ರ ಹತ್ತೊಂಬತ್ತಕ್ಕೆ ಮದುವೆಯಾಗಿ ಬಂದ ವರ್ಷವೇ ಬಾವಿಯ ಪಕ್ಕ ಒಂದು ನೆಟ್ಟುಬಿಟ್ಟಿದ್ದರು. ಯಾಕೆ ಎಂದು ಕೇಳಿದರೆ, "ಬೇಡ ಅಂದ್ರು, ಅದಕ್ಕೆ" ಎನ್ನುತ್ತಿದ್ದರು.

ನಾನು ಸೊಸೆಯಾಗಿ ಬಂದ ವರ್ಷ, ಕಾಯಿ ಬೀಳುವ ಕಾಲಕ್ಕೆ, ಮಾವನ ಅಕ್ಕ ಗಾನಾ ಹಗ್ಗ ಹಿಡಿದು ಬಂದರು. ಅತ್ತೆಯ ಸೊಂಟ ಅಳೆದರು, ಆಮೇಲೆ ಮರ ಅಳೆದರು. ಎರಡೂ ಒಂದೇ.

"ಹೆಂಡ್ತಿ ಬೇಕಿದ್ರೆ ಇವತ್ತೇ ಕಡಿಯೋ ಸ್ಟಾನ್ಯೊ," ಎಂದರು ಮಾವನಿಗೆ.

"ನಾಳೆ ಚೀಸ್ ತುಂಬಿದ ಬಾನಿತ್ಸಾ ಇನ್ನೆರಡು ತಿಂತೀನಿ ಅತ್ತಿಗೆ, ಅಳತೆ ತಪ್ಪುತ್ತೆ ಬಿಡಿ," ಎಂದರು ಅತ್ತೆ.

ಮಾವ ನಗಲಿಲ್ಲ. ಕೊಡಲಿ ತಂದೇಬಿಟ್ಟರು.

"ನೀನಿಲ್ದೆ ನಾನೇನ್ ಮಾಡ್ಲೇ?"

"ಒಲೆ ಹಚ್ಚೋದು ಕಲ್ತ್ಕೊ. ನೋಡು, ಕ್ರಿಸ್‌ಮಸ್ ಹಿಂದಿನ ಸಂಜೆ ಈ ಮರದ ಕಾಯೇ ಒಡೀತೀನಿ. ಕೆಟ್ಟದ್ದು ಬಂತೋ, ಮರ ನಿಂದು. ಅಲ್ಲೀವರೆಗೂ ಕೊಡಲಿ ಮುಟ್ಟಬೇಡ."

ಆ ಸಂಜೆ ನಮ್ಮಲ್ಲಿ ಊಟಕ್ಕೆ ಕೂತವರೆಲ್ಲ ಒಂದೊಂದು ಅಕ್ರೋಟು ಒಡೆಯಬೇಕು. ತಿರುಳು ಬೆಳ್ಳಗಿದ್ದರೆ ವರ್ಷವಿಡೀ ಆರೋಗ್ಯ. ಕಪ್ಪಗಿದ್ದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಅತ್ತೆಯೂ ನಾನೂ ಎರಡೇ ದಿನದಲ್ಲಿ ಹಸಿರು ಸಿಪ್ಪೆಯೆಲ್ಲ ಸುಲಿದೆವು. ನಮ್ಮಿಬ್ಬರ ಕೈಗಳೂ ಮಣಿಕಟ್ಟಿನವರೆಗೆ ಕಪ್ಪಾದವು, ಎಷ್ಟು ಉಜ್ಜಿದರೂ ಬಿಡಲಿಲ್ಲ. ತೊಳೆಯುವಾಗ ತೇಲಿದ ಕಾಯಿಗಳನ್ನು ಅತ್ತೆ ಬಿಸಾಡಿದರು. ಹನ್ನೆರಡು ಒಳ್ಳೆಯ ಕಾಯಿಗಳನ್ನು ಹಸಿಯಾಗಿಯೇ ಉಡಿಗೆ ಕಟ್ಟಿಕೊಂಡು ಎಲ್ಲಿಗೋ ಹೋಗಿಬಂದರು. ಉಳಿದದ್ದನ್ನು ಅಟ್ಟದ ನೆರಳಿನಲ್ಲಿ, ಜಾಲರಿಯ ಮೇಲೆ, ಒಂದರ ಮೇಲೊಂದು ಬೀಳದಂತೆ ಹರಡಿದೆವು. ಒಲೆಯ ಪಕ್ಕ ಇಟ್ಟರೆ ಬೇಗ ಒಣಗುತ್ತದಲ್ಲ ಎಂದದ್ದಕ್ಕೆ ಕೈಮೇಲೆ ಒಂದು ಏಟು ಬಿತ್ತು.

"ಬಿಸಿ ತಾಗಿದ್ರೆ ಕಮಟು ಹಿಡಿಯುತ್ತೆ ಕಣೇ. ಗಾಳಿ ಒಣಗಿಸ್ಲಿ, ನೀನು ಕೈಯಾಡಿಸ್ತಿರು."

ಮೂರು ವಾರ ದಿನಾ ಕೈಯಾಡಿಸಿದೆ. ಕೊನೆಗೆ ಒಂದನ್ನು ಒಡೆದು, ತಿರುಳಿನ ನಡುವಿನ ತೆಳು ಪರದೆಯನ್ನು ಅತ್ತೆ ಬೆರಳಲ್ಲಿ ಬಾಗಿಸಿದರು. ಬಾಗಿತು. ಇನ್ನೂ ನಾಲ್ಕು ದಿನ ಬಿಟ್ಟರು. ಆಮೇಲೆ ಅದು ಟಕ್ಕೆಂದು ಮುರಿಯಿತು. ಬಟ್ಟೆಚೀಲಕ್ಕೆ ತುಂಬಿ, ಇಲಿಗೆ ಎಟುಕದಂತೆ ತೊಲೆಗೆ ತೂಗುಹಾಕಿದೆವು.

ಕ್ರಿಸ್‌ಮಸ್ ಹಿಂದಿನ ಸಂಜೆ ಗಾನಾ ಕರೆಯದೆಯೇ ಬಂದರು. ಅವರದು ಬಿಳಿ, ಮಾವನದು ಬಿಳಿ, ನನ್ನದೂ ನನ್ನ ಗಂಡನದೂ ಬಿಳಿ. ಅತ್ತೆ ಒಡೆದರು. ಒಳಗೆ ಸುಕ್ಕಿದ ಕಪ್ಪು ತಿರುಳು.

ಅಷ್ಟು ಕಷ್ಟಪಟ್ಟದ್ದಕ್ಕೆ ಇದೇನಾ! ಮೇಜಿನ ಕೆಳಗೆ ನನ್ನ ಬಿಳಿ ತಿರುಳನ್ನು ಅವರ ಕೈಗೆ ತುರುಕಲು ಹೋದೆ. ಅವರು ದಬ್ಬಿಬಿಟ್ಟರು. ಎಲ್ಲರೂ ನೋಡುತ್ತಿದ್ದಂತೆ ಆ ಕಪ್ಪನ್ನು ಬಾಯಿಗೆ ಹಾಕಿಕೊಂಡು ಅಗಿದು ನುಂಗಿದರು.

"ಕಹಿ," ಎಂದರು. "ಮಾತು ಅಂದ್ರೆ ಮಾತು. ಹೋಗು, ಕಡಿ. ಆದ್ರೆ ಹೊಳೆ ದಾರೀಲಿ ಇನ್ನೂ ಹನ್ನೆರಡು ನೆಟ್ಟಿದೀನಿ. ಎಷ್ಟು ಅಂತ ಕಡೀತೀಯ? ನನ್ನ ಕೊಲ್ಲೋಕೆ ಒಂದು ಮರ ಸಾಕಾ?"

"ಹನ್ನೆರಡಾ!" ಗಾನಾ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. ಮಾವ ಎದ್ದವರು ಹಾಗೇ ಕುಸಿದು ಕೂತರು. ಅಳುತ್ತಲೇ ನಕ್ಕರು. ಕೊಡಲಿ ಸೌದೆಮನೆಗೆ ವಾಪಸಾಯಿತು.

ಇದಾಗಿ ಮೂವತ್ತೊಂದು ವರ್ಷ. ಜನ್ಮದಲ್ಲಿ ಒಂದೂ ಗಿಡ ನೆಡದ ಗಾನಾ ಮರುವರ್ಷವೇ ಹೋದರು. ಮಾವ ಒಲೆ ಹಚ್ಚುವುದನ್ನು ಕಲಿತು, ಮೊನ್ನೆ ಮೊನ್ನೆ ಹೋದರು. ಹನ್ನೆರಡರಲ್ಲಿ ಒಂಬತ್ತು ಮರ ಉಳಿದಿವೆ, ಒಂಬತ್ತೂ ಅತ್ತೆಯ ಸೊಂಟ ದಾಟಿವೆ.

ಈ ಸಲ ಕಾಯಿ ಸುಲಿಯುವಾಗ ಅತ್ತೆ ಒಂದು ಹಸಿಕಾಯಿಯನ್ನು ನನ್ನ ಕಪ್ಪು ಅಂಗೈಯಲ್ಲಿಟ್ಟು, ಗುದ್ದಲಿ ಚಾಚಿದರು.

"ನಿನಗೂ ಐವತ್ತಾಯ್ತಲ್ಲ. ಎಷ್ಟು ದಿನ ಹೆದರ್ತೀಯೆ?"

ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ನೆಟ್ಟೆ.