ಟಿಕೆಟಕ್ಕನೂ ಕೊನೆಯ ರೀಲೂ

ನಮ್ಮ ಬೀದಿಯ ತುದಿಯಲ್ಲಿದ್ದ ಚಿತ್ರಮಂದಿರದಲ್ಲಿ ಹೆಂಗಸರಿಗೆಂದೇ ಬೇರೆ ಕೌಂಟರ್ ಇತ್ತು. ಅಂಗೈ ತೂರುವಷ್ಟು ಅಗಲದ ಒಂದು ಕಿಂಡಿ. ಅದರೊಳಗೆ ಒಂದು ಕೈ. ತೋರುಬೆರಳಿಗೆ ಸದಾ ಮೊಹರಿನ ನೇರಳೆ ಶಾಯಿ ಹತ್ತಿರುತ್ತಿತ್ತು. ಊರಿನ ಅರ್ಧ ಜನ ಆ ಕೈಯನ್ನು ಬಲ್ಲರು, ಮುಖವನ್ನು ಬಲ್ಲವರು ಕಡಿಮೆ. ಆ ಕೈಯ ಒಡತಿಯನ್ನು ಎಲ್ಲರೂ ಟಿಕೆಟಕ್ಕ ಎಂದೇ ಕರೆಯುತ್ತಿದ್ದರು. ಆಕೆಗಿಂತ ಹಿರಿಯರೂ ಅಕ್ಕನೆಂದೇ ಕರೆಯುತ್ತಿದ್ದರು. ಟಿಕೆಟ್ ಬೇಕಾದಾಗ ವಯಸ್ಸನ್ನು ಯಾರು ನೋಡುತ್ತಾರೆ?

ಆಕೆಯ ಗಂಡ ಅದೇ ಚಿತ್ರಮಂದಿರದ ಆಪರೇಟರ್. ಆಕೆ ಕೆಳಗಿನ ಕೌಂಟರಿನಲ್ಲಿ, ಆತ ಮಹಡಿಯ ಯಂತ್ರದ ಕೋಣೆಯಲ್ಲಿ. ನಡುವೆ ಒಂದು ತಂತಿ, ಅದರ ತುದಿಗೆ ಒಂದು ಬೆಲ್. ಸಾಲಿನಲ್ಲಿ ಇನ್ನೂ ಹೆಂಗಸರಿದ್ದರೆ ಆಕೆ ಎರಡು ಸಲ ಗುಂಡಿ ಒತ್ತುವಳು, ಅಂದರೆ ‘ತಡೆಯಿರಿ’. ಕಿಂಡಿ ಮುಚ್ಚಿದ ಮೇಲೆ ಒಂದೇ ಸಲ ಒತ್ತುವಳು. ಅಂದರೆ ‘ಶುರು ಮಾಡಿ’. ಆ ಒಂದು ಬೆಲ್ ಬಾರದೆ ಪರದೆಯ ಮೇಲೆ ಬೆಳಕು ಬೀಳಕೂಡದೆಂಬುದು ಮಾಲೀಕರು ಹಾಕಿಕೊಟ್ಟ ಕ್ರಮ. ನಾವು ಅವರ ಪಕ್ಕದ ಮನೆಗೆ ಬಂದು ನೆಲೆಸುವ ಹೊತ್ತಿಗೆ ಆ ಗಂಡಹೆಂಡಿರ ನಡುವೆ ಉಳಿದಿದ್ದ ನೇರವಾದ ಮಾತುಕತೆ ಅದೊಂದೇ.

ಮನೆಯಲ್ಲಿ ಮಾತು ಬೇಕಾದಾಗ ನಾನು ಬೇಕಾಗುತ್ತಿದ್ದೆ. ಎರಡು ಹಿತ್ತಿಲುಗಳ ನಡುವೆ ಎದೆಮಟ್ಟದ ಗೋಡೆಯೊಂದಿತ್ತು. ನಾನು ಅಲ್ಲಿ ಹಲ್ಲುಜ್ಜಲು ನಿಂತರೆ ಸಾಕು.

“ಮೇಷ್ಟ್ರೇ, ಅವರಿಗೆ ಹೇಳಿ, ನಲ್ಲಿ ಸೋರ್ತಿದೆ ಅಂತ.”

‘ಅವರು’ ಆಕೆಯಿಂದ ಎರಡು ಮಾರು ದೂರದಲ್ಲಿ ಕುಳಿತು ಗಡ್ಡ ಹೆರೆದುಕೊಳ್ಳುತ್ತಿರುವರು.

“ಮೇಷ್ಟ್ರೇ, ನನಗೂ ಕಿವಿ ಇದೆ ಅಂತ ಹೇಳಿ.”

“ಕಿವಿ ಇದ್ರೆ ಮೊನ್ನೆಯಿಂದ ಅದು ಏನ್ ಮಾಡ್ತಿತ್ತಂತೆ, ಕೇಳಿ.”

“ವಾಷರ್ ತರಬೇಕು ಅಂತ ಹೇಳಿ. ರಜೆ ದಿನಾನೂ ಬಾಗಿಲು ತೆಗೆಯೋಕೆ ಅದೇನು ನಮ್ಮಪ್ಪನ ಅಂಗಡೀನಾ?”

ನನ್ನ ಹೆಂಡತಿ ಒಳಗಿನಿಂದ ಕೂಗುವಳು: “ರೀ, ಟೆಲಿಫೋನ್ ಕಂಬ ಆಗಿದ್ದು ಸಾಕು, ಬಾಯಿ ಮುಕ್ಕಳಿಸ್ಕೊಂಡು ಒಳಗೆ ಬನ್ನಿ.”

ನಗು ಬರುತ್ತಿತ್ತು ನಿಜ. ಆದರೆ ಆ ಮೌನದ ಕಾರಣ ನಗುವಂಥದಲ್ಲ.

ಅದು ನಾವು ಬರುವುದಕ್ಕೆ ಮೊದಲಿನ ಸಂಗತಿ. ಬೀದಿಗೆಲ್ಲ ಗೊತ್ತಿತ್ತು. ಯಾವುದೋ ಹೊಸ ಚಿತ್ರಕ್ಕೆ ಜನ ಮುಗಿಬೀಳುತ್ತಿದ್ದ ದಿನಗಳು. ಚಿತ್ರಮಂದಿರದ ಟೆಲಿಫೋನು ಯಂತ್ರದ ಕೋಣೆಯ ಹೊರಗಿನ ಗೋಡೆಯ ಮೇಲಿತ್ತು. ಮ್ಯಾಟಿನಿ ನಡೆಯುತ್ತಿದ್ದಾಗ ಅದು ಬಡಿದುಕೊಂಡಿತು. ಟಿಕೆಟಕ್ಕನ ತಾಯಿಗೆ ಮೇಲುಸಿರು ಬಂದಿದೆ, ಮಗಳನ್ನು ಕೇಳುತ್ತಿದ್ದಾರೆ, ಕೂಡಲೇ ಕಳುಹಿಸಿ ಎಂದು ಸುದ್ದಿ. ಆಪರೇಟರ್ ಫೋನು ಕೆಳಗಿಟ್ಟು ಕಿಟಕಿಯಿಂದ ನೋಡಿದ. ಸಂಜೆಯ ಷೋಗೆ ಹೆಂಗಸರ ಸಾಲು ಆಗಲೇ ಗೇಟು ದಾಟಿ ಬೀದಿಗೆ ಬಂದಿತ್ತು. ಈಕೆ ಎದ್ದು ಹೋದರೆ ಕಿಂಡಿಯಲ್ಲಿ ಕೂರುವವರು ಯಾರು? ಷೋ ಮುಗಿದ ಮೇಲೆ ಹೇಳಿದರಾಯಿತು ಎಂದುಕೊಂಡ. ಆಕೆ ಸಾಲು ಮುಗಿಯುವವರೆಗೂ ಟಿಕೆಟ್ ಹರಿದಳು. ಒಂದು ಬೆಲ್ ಒತ್ತಿದಳು. ಆತ ಚಿತ್ರ ತೋರಿಸಿದ. ಎಲ್ಲ ಮುಗಿಸಿ ಕೆಳಗಿಳಿದು ಬಂದು ಹೇಳಿದ.

ಆಕೆ ತವರನ್ನು ಮುಟ್ಟಿದಾಗ ತಾಯಿಯ ಕೋಣೆಯನ್ನು ತೊಳೆದು, ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದರು.

ಮರಳಿ ಬಂದವಳು ಗಂಡನನ್ನು ಕೇಳಿದ್ದು ಎರಡೇ ಪ್ರಶ್ನೆ.

“ಫೋನ್ ಯಾವಾಗ ಬಂತು?”

“ಮ್ಯಾಟಿನಿ ನಡೀತಿತ್ತು.”

“ಆಗಲೇ ಯಾಕೆ ಹೇಳ್ಲಿಲ್ಲ?”

“ಷೋ ನಿಲ್ಸೋಕಾಗುತ್ತೇನೆ? ಅಷ್ಟೊಂದು ಜನ!”

ತಪ್ಪಾಯಿತು ಎಂದು ಒಂದು ಮಾತು ಬಂದಿದ್ದರೆ ಆಕೆ ಅತ್ತು ಹಗುರಾಗುತ್ತಿದ್ದಳು. ಅದು ಬರಲಿಲ್ಲ. ಬರುವವರೆಗೂ ತಾನಾಗಿ ಮಾತನಾಡಬಾರದೆಂದು ಆಕೆ ಕಾದು ಕುಳಿತಳು. ಅವರಿಗಿದ್ದ ಒಬ್ಬಳೇ ಮಗಳು ಬೆಳೆದಳು, ಮದುವೆಯಾಗಿ ಹೋದಳು. ಆ ಮಾತು ಬರಲಿಲ್ಲ. ಆತ ಕೆಟ್ಟವನೇನೂ ಅಲ್ಲ. ಕುಡಿಯುವವನಲ್ಲ, ಕೈ ಎತ್ತುವವನಲ್ಲ. ನನ್ನ ಕನ್ನಡಕದ ಮುರಿದ ಕಾಲನ್ನು ಫಿಲ್ಮು ಅಂಟಿಸುವ ದ್ರವದಿಂದ ಅಂಟಿಸಿಕೊಟ್ಟವನು ಅವನೇ. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಆಡದ ಮಾತಾದರೋ ಎಲ್ಲಿಗೂ ಹೋಗುವುದಿಲ್ಲ. ಮನೆಯಲ್ಲೇ ಬಿದ್ದಿದ್ದು ಕಾಲಿಗೆ ತೊಡರುತ್ತಿರುತ್ತದೆ.

ಹೀಗಿರುವಾಗ ಒಂದು ಚಿತ್ರ ಬಂದಿತು. ಒಂದೇ ಸೂರಿನಡಿ ಎರಡು ಕೋಣೆಗಳಲ್ಲಿ ಬದುಕುವ ವಯಸ್ಸಾದ ಗಂಡಹೆಂಡಿರ ಕಥೆ. ಗಂಡ ಯಾವಾಗಲೋ ಒಂದು ವಿಷಯವನ್ನು ಹೆಂಡತಿಯಿಂದ ಮುಚ್ಚಿಟ್ಟಿರುತ್ತಾನೆ. ಅಲ್ಲಿಂದ ಇಬ್ಬರಿಗೂ ಮಾತಿಲ್ಲ. ನಾನೂ ಹೋಗಿ ನೋಡಿದೆ. ಕೊನೆಯಲ್ಲಿ ಹೆಂಡತಿ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಅಲ್ಲಿಗೆ ದೀಪ ಹತ್ತಿತು. ಜನ ಕೆಮ್ಮುತ್ತ ಎದ್ದರು. “ಇದು ನಮ್ಮ ಆಪರೇಟರ್ ಮನೆ ಕಥೇನೇ” ಎಂದು ಯಾರೋ ನಕ್ಕರು. ಟಿಕೆಟಕ್ಕ ಕಿಂಡಿಯೊಳಗಿಂದ ಕೇಳಿಸಿಕೊಂಡಿರಬೇಕು. ತಾಯಿ ಹೋದ ಮೇಲೆ ಆಕೆ ಒಂದು ಚಿತ್ರವನ್ನೂ ನೋಡಿದವಳಲ್ಲ.

ಆ ವಾರ ನನ್ನ ಹೆಂಡತಿ ತನ್ನ ಅಕ್ಕನ ಊರಿಗೆ ಹೋಗಿದ್ದಳು. ಅಲ್ಲಿ ಅದೇ ಚಿತ್ರವನ್ನು ನೋಡಿ ಬಂದು, ಬಟ್ಟೆ ಹರವುತ್ತ ಗೋಡೆಯಾಚೆಯ ಟಿಕೆಟಕ್ಕನಿಗೆ ವರದಿ ಒಪ್ಪಿಸಿದಳು.

“ಕೊನೆಗಂತೂ ಅತ್ತೂ ಅತ್ತೂ ಸಾಕಾಯ್ತು ಕಣೇ. ಆ ಗಂಡಸು ಬಂದು ಬಾಗಿಲು ತಟ್ತಾನೆ. ‘ತಪ್ಪು ನನ್ನದು, ಆವತ್ತೇ ಹೇಳಬೇಕಾಗಿತ್ತು’ ಅಂತಾನೆ. ಅವಳು ಬಾಗಿಲು ತೆಗೀತಾಳೆ.”

“ಎಲ್ಲಿ ತಟ್ತಾನೆ?” ಎಂದೆ ನಾನು. “ಬಾಗಿಲು ಹಾಕ್ಕೊಂಡ್ಳು, ಚಿತ್ರ ಮುಗೀತು.”

“ನೀವು ಗೊರಕೆ ಹೊಡೀತಿದ್ರೇನೋ.”

“ಇಲ್ಲ ಮಾರಾಯ್ತಿ, ಕಣ್ಣು ಬಿಟ್ಕೊಂಡೇ ನೋಡಿದೀನಿ.”

ಟಿಕೆಟಕ್ಕನ ಕೈಯಲ್ಲಿದ್ದ ಒದ್ದೆ ಬಟ್ಟೆ ಅರ್ಧಕ್ಕೆ ನಿಂತಿತು. ಆಕೆ ಚಿತ್ರಮಂದಿರದ ಹೆಂಗಸು. ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಕೊನೆಯ ಬಸ್ಸು ಹಿಡಿಯುವ ಜನರಿಗಾಗಿ ಉದ್ದದ ಚಿತ್ರಗಳಲ್ಲಿ ಒಂದೆರಡು ಹಾಡನ್ನು ಕತ್ತರಿಸಿ ತೆಗೆದಿಡುವುದು ಆತನ ರೂಢಿ. ಚಿತ್ರದ ಪ್ರಿಂಟನ್ನು ಹಂಚಿಕೆದಾರರಿಗೆ ಹಿಂದಿರುಗಿಸುವ ಮುನ್ನ ತೆಗೆದ ತುಂಡನ್ನು ಅಂಟಿಸಿ ಕಳುಹಿಸುವುದು ಆ ಕೆಲಸದ ಮರ್ಯಾದೆ. ಆದುದರಿಂದ ತುಂಡು ಅಲ್ಲಿಯೇ ಇರಬೇಕು. ಆಕೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ನೇರವಾಗಿ ಚಿತ್ರಮಂದಿರಕ್ಕೆ ನಡೆದಳು. ಮುಂದಿನದನ್ನು ಆತನೇ ನನಗೆ ಹೇಳಿದ್ದು.

ಆತ ಕೈಯಿಂದ ರೀಲನ್ನು ಹಿಂದಕ್ಕೆ ಸುತ್ತುತ್ತಿದ್ದ. ಆಕೆ ಬಾಗಿಲಲ್ಲಿ ನಿಂತು, “ಎಲ್ಲಿ ಅದು?” ಎಂದಳು. ಅಷ್ಟು ವರ್ಷಗಳಾದ ಮೇಲೆ ಆಡಿದ ಮೊದಲ ಮಾತು.

“ಯಾವುದು?”

“ಬಾಗಿಲು ತಟ್ಟೋದು.”

ಆತ ಮೂಲೆಯ ತಗಡಿನ ಡಬ್ಬಿಯನ್ನು ನೋಡಿದ. “ಬಸ್ಸಿಗೆ ಹೊತ್ತಾಗುತ್ತೆ ಅಂತ ತೆಗೆದೆ.”

“ಬಸ್ಸಿಗೆ ಅಂತ ಹಾಡು ತೆಗೀತಿದ್ರಿ. ಇದನ್ನ ಯಾಕೆ ತೆಗೆದ್ರಿ?”

“ಅದು ಸುಳ್ಳು ಕಣೆ. ಯಾವ ಗಂಡಸು ಹಾಗೆ ಬಾಗಿಲ ಹತ್ರ ನಿಂತು ಹೇಳ್ತಾನೆ?”

“ಅಂಟಿಸಿ. ನಾಳೆ ಕೊನೇ ದಿನ. ಮ್ಯಾಟಿನಿಗೆ ಬಂದು ಕೂತ್ಕೋತೀನಿ.”

ಆತ ಅಂಟಿಸಿದ. ಮರುದಿನ ಟಿಕೆಟಕ್ಕ ಕಿಂಡಿ ಮುಚ್ಚಿ, ಒಂದು ಬೆಲ್ ಒತ್ತಿ, ಒಳಗೆ ಬಂದು, ಮತ್ತೊಮ್ಮೆ ನೋಡಲು ಬಂದಿದ್ದ ನಮ್ಮಿಬ್ಬರ ಪಕ್ಕದಲ್ಲಿ ಕುಳಿತಳು. ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ಸೀರೆ ಉಟ್ಟಿದ್ದಳು; ಬೆರಳಿನ ಶಾಯಿಯನ್ನೂ ಉಜ್ಜಿ ತೊಳೆದಿದ್ದಳು. ಚಿತ್ರದ ಗಂಡ ಬಾಗಿಲು ತಟ್ಟಿದ. ಆ ಮಾತನ್ನು ಹೇಳಿದ. ನನ್ನ ಹೆಂಡತಿ ಎರಡನೆಯ ಸಲವೂ ಮೂಗು ಒರೆಸಿಕೊಂಡಳು. ಟಿಕೆಟಕ್ಕ ಅಳಲಿಲ್ಲ. ಬೆನ್ನು ನೆಟ್ಟಗಿಟ್ಟು ನೋಡಿ, ದೀಪ ಹತ್ತಿದೊಡನೆ ತಿರುಗಿ ಮೇಲಿನ ಚೌಕ ಕಿಂಡಿಯತ್ತ ಕಣ್ಣೆತ್ತಿದಳು. ಅಲ್ಲಿ ಆತನ ಮುಖವಿತ್ತು. ಇಬ್ಬರೂ ನೋಡಿಕೊಂಡರು. ಈ ಮನೆ ಇನ್ನು ಸರಿಹೋಯಿತೆಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಸಂಜೆಯ ಷೋಗೆ ಮೊದಲು ಇಬ್ಬರೂ ಮನೆಗೆ ಬರುವುದು ವಾಡಿಕೆ. ಗೋಡೆಯಾಚೆ ಆತನ ದನಿ ಕೇಳಿಸಿತು. ನಾನು ಕಂಬವಾಗಬೇಕಾದ ಅಗತ್ಯವೇ ಇರಲಿಲ್ಲ.

“ಕಾಫಿ ಇದ್ಯೇನೇ?”

ಲೋಟ ಇಟ್ಟ ಸದ್ದು.

“ನೋಡಿದ್ಯಲ್ಲ?”

“ನೋಡಿದೆ.”

“ಮತ್ತೆ?”

“ಅವನು ಹೇಳಿದ್ದು ಕೇಳಿಸ್ತು. ನೀವು ಹೇಳೋದನ್ನ ಕೇಳ್ಬೇಕು ಅಂತ ಕೂತಿದೀನಿ.”

ನನ್ನ ಹೆಂಡತಿ ಒಗ್ಗರಣೆಯ ಸೌಟನ್ನು ಕೈಯಲ್ಲೇ ಹಿಡಿದು ನಿಂತಿದ್ದಳು.

“ತೋರಿಸ್ದೆನಲ್ಲ!” ಎಂದನಾತ. “ಅಂಟಿಸಿ ತೋರಿಸ್ದೆ. ಇನ್ನು ಬಾಯಲ್ಲಿ ಬೇರೆ ಹೇಳ್ಬೇಕಾ?”

“ಬೇಡ,” ಎಂದಳಾಕೆ. “ಷೋಗೆ ಹೊತ್ತಾಯ್ತು, ಹೊರಡಿ.”

ಆತ ಹಗುರಾಗಿ ಹೊರಟ. ಬೇಡವೆಂದಳಲ್ಲ, ಮುಗಿಯಿತು ಎಂದುಕೊಂಡನಂತೆ. ಆಕೆಯೂ ಎಂದಿನಂತೆ ಹಿಂದೆಯೇ ಹೋದಳು. ಆ ಚಿತ್ರದ ಕೊನೆಯ ಷೋ ಆದ್ದರಿಂದ ಜನ ಚೆನ್ನಾಗಿಯೇ ಬಂದಿದ್ದರು. ಎರಡು ಬೆಲ್ ಒತ್ತಿ ತಡೆದಳು. ಸಾಲಿನ ಕಡೆಯ ಹೆಂಗಸಿಗೂ ಟಿಕೆಟ್ ಕೊಟ್ಟು, ಕಿಂಡಿ ಮುಚ್ಚಿ, ಒಂದು ಬೆಲ್ ಒತ್ತಿದಳು. ಮೇಲೆ ಯಂತ್ರ ತಿರುಗತೊಡಗಿತು. ಆಕೆ ಬೀಗದ ಕೈಯನ್ನು ಮಾಲೀಕರ ಮೇಜಿನ ಮೇಲಿಟ್ಟು ಮನೆಗೆ ಬಂದು, ಒಂದು ಚೀಲದಲ್ಲಿ ಬಟ್ಟೆ ತುಂಬಿಕೊಂಡು ನಮ್ಮ ಬಾಗಿಲಿಗೆ ಬಂದಳು. ನನ್ನ ಹೆಂಡತಿ ಬಸ್ಸಿನವರೆಗೂ ಜೊತೆಗೆ ಹೋದಳು.

“ಎಲ್ಲಿಗೇ ಹೋಗ್ತೀಯ ಈ ವಯಸ್ಸಲ್ಲಿ?”

“ಅಮ್ಮನ ಕೋಣೆ ಖಾಲಿ ಇದೆಯಂತೆ. ಈಗಲಾದ್ರೂ ಹೋಗ್ತೀನಿ.”

“ಅವನಿಗೆ?”

ಟಿಕೆಟಕ್ಕ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ಹೇಳಿದಳಂತೆ: “ಷೋ ಮುಗಿದ್ಮೇಲೆ ಹೇಳಿ.”

ಇದನ್ನು ಕೇಳಿ ನಾನು ಅಂಗಿ ತೊಟ್ಟು ಎದ್ದೆ. ಆಪರೇಟರಿಗೆ ಆಗಲೇ ತಿಳಿಸಿದರೆ ಮುಂದಿನ ಬಸ್ಸನ್ನಾದರೂ ಹಿಡಿದಾನು ಎಂಬ ಆಸೆ. ನನ್ನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. “ಕೂತ್ಕೊಳ್ಳಿ. ಅವಳು ಹೇಳಿದ ಹಾಗೇ ಆಗ್ಲಿ.” ಕುಳಿತೆ.

ಷೋ ಬಿಟ್ಟ ಸದ್ದಾಯಿತು. ಆತ ಬಂದು, ಕತ್ತಲಾಗಿದ್ದ ತನ್ನ ಮನೆಯನ್ನು ನೋಡಿ, ಗೋಡೆಯ ಬಳಿ ಬಂದ. ನಾನು ಹೇಳಿದೆ.

“ಯಾವಾಗ ಹೋದ್ಳು ಮೇಷ್ಟ್ರೇ?”

“ಷೋ ನಡೀತಿತ್ತು.”

“ಆಗಲೇ ಯಾಕೆ ಹೇಳ್ಲಿ...” ಎಂದವನು ಅಲ್ಲಿಗೆ ನಿಲ್ಲಿಸಿದ. ಆಮೇಲೆ ಒಳಗೆ ಹೋಗಿ ದೀಪ ಹಾಕಿದ.

ಕೆಲವು ದಿನ ಬಿಟ್ಟು ನಾನು ಹೇಳಿದೆ: “ಹೋಗಿ ಬಾರಯ್ಯ. ಆ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?”

“ಹೋಗ್ತೀನಿ ಮೇಷ್ಟ್ರೇ,” ಎಂದ. “ಈ ವಾರ ಹೊಸ ಚಿತ್ರ ಹಾಕ್ತಿದೀವಿ. ಒಳ್ಳೇ ಜನ ಬರ್ತಾರಂತೆ. ಇದೊಂದು ಮುಗೀಲಿ.”

ಚಿತ್ರಗಳು ಒಂದಾದ ಮೇಲೊಂದು ಬಂದವು. ಕಿಂಡಿಯಲ್ಲಿ ಬೇರೆ ಯಾರದೋ ಕೈ ಕಾಣಿಸಿಕೊಂಡಿತು. ಬೆಲ್ ಬಾರಿಸುವ ಕ್ರಮ ಮಾತ್ರ ಹಾಗೆಯೇ ನಡೆಯಿತು: ತಡೆಯುವುದಕ್ಕೆ ಎರಡು, ಶುರು ಮಾಡುವುದಕ್ಕೆ ಒಂದು.