ಸಾಕ್ಷಿ ಹೇಳಿದ ಮೇಲೆ

ನಮ್ಮ ಚರ್ಚಿನ ಸಭೆಯಲ್ಲಿ ಒಂದು ರೂಢಿ ಇದೆ. ದೇವರು ಯಾರಿಗಾದರೂ ಒಳ್ಳೆಯದು ಮಾಡಿದರೆ ಅವರು ಎದ್ದು ನಿಂತು ಎಲ್ಲರ ಮುಂದೆ ಸಾಕ್ಷಿ ಹೇಳಬೇಕು. ಹೇಳಿಯಾದ ಮೇಲೆ ಮುಗಿಯಿತು, ಹಿಂದೆ ಸರಿಯುವ ಹಾಗಿಲ್ಲ. ಸರಿದರೆ ದೇವರನ್ನೇ ಸುಳ್ಳುಗಾರನನ್ನಾಗಿ ಮಾಡಿದ ಹಾಗೆ ಎಂದು ನಮ್ಮವರು ನಂಬಿಬಿಟ್ಟಿದ್ದಾರೆ. ಹಾಗಂತ ಯಾರು ಹೇಳಿಕೊಟ್ಟರೋ ನಾ ಕಾಣೆ. ಅದರಿಂದಲೇ ಇಂದ್ರಾಣಿ ನಡುಬೀದಿಯಲ್ಲಿ ಗಂಡನಿಗೆ ಎದುರು ನಿಲ್ಲಬೇಕಾಯಿತು.

ಇಂದ್ರಾಣಿ ಉತ್ತರಹಳ್ಳಿಯಲ್ಲಿ ನನ್ನ ಪಕ್ಕದ ಮನೆಯವಳು. ಮನೆ ಮುಂದಿನ ಕೋಣೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಮಾತು ಕಮ್ಮಿ. ನನ್ನ ಹಾಗಲ್ಲ, ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವಳ ಗಂಡ ಪ್ರಮೋದ್ ಸ್ಕೂಲ್ ವ್ಯಾನ್ ಓಡಿಸುತ್ತಿದ್ದ. ಫಿಟ್ಸ್ ಶುರುವಾದ ಮೇಲೆ ಡಾಕ್ಟರು ಮಾತ್ರೆ ಬರೆದುಕೊಟ್ಟು, ಸ್ಟೀರಿಂಗ್ ಮುಟ್ಟಲೇಬೇಡ ಎಂದರು. ಅಂದಿನಿಂದ ಹೆಂಡತಿಯ ಪಕ್ಕ ಕೂತು ಸೀರೆಗೆ ಫಾಲ್ ಹೊಲಿಯುತ್ತಾನೆ, ಬ್ಲೌಸಿಗೆ ಹುಕ್ ಹಾಕುತ್ತಾನೆ. ಹಳೆಯ ಗೆಳೆಯರ ವ್ಯಾನ್ ಬೀದಿಯಲ್ಲಿ ಹಾದುಹೋದರೆ ತಲೆ ಬಗ್ಗಿಸಿಬಿಡುತ್ತಾನೆ.

ಈ ಏಪ್ರಿಲ್‌ನಲ್ಲಿ ಉಪವಾಸ ಪ್ರಾರ್ಥನೆಗೆ ಹೊರಗಿನಿಂದ ಒಬ್ಬ ಪ್ರಸಂಗಿ ಬಂದರು. ಪ್ರಮೋದನ ತಲೆಯ ಮೇಲೆ ಕೈಯಿಟ್ಟು, ನಿನಗೆ ಬಿಡುಗಡೆಯಾಯಿತು ಎಂದು ಕೂಗಿದರು. ಪ್ರಮೋದ್ ಅತ್ತುಬಿಟ್ಟ. ಅಲ್ಲೇ ಮೈಕ್ ಹಿಡಿದು, ನನ್ನ ಕಾಯಿಲೆ ಹೋಯಿತು ಎಂದು ಸಾಕ್ಷಿ ಹೇಳಿದ. ಚಪ್ಪಾಳೆಯೋ ಚಪ್ಪಾಳೆ. ನಮ್ಮ ಪಾಸ್ಟರ್ ದಯಾಕರ್ ಆ ಉತ್ಸಾಹದಲ್ಲಿ ಇನ್ನೊಂದು ಮಾತು ಸೇರಿಸಿದರು: ಮಕ್ಕಳ ವಿಬಿಎಸ್, ಅಂದರೆ ಬೇಸಿಗೆ ರಜೆಯ ಬೈಬಲ್ ಶಾಲೆ, ಮುಗಿಯುವ ಶನಿವಾರ ಹುಳಿಮಾವಿನಲ್ಲಿ ಕಾರ್ಯಕ್ರಮ, ಸಭೆಯ ವ್ಯಾನನ್ನು ಪ್ರಮೋದನೇ ಓಡಿಸಲಿ! ಅವನ ಮುಖ ನೋಡಬೇಕಿತ್ತು. ಮದುವೆಯ ದಿನವೂ ಅವನು ಅಷ್ಟು ಹಿಗ್ಗಿರಲಿಲ್ಲವಂತೆ.

ಅಂದಿನಿಂದ ಮಾತ್ರೆ ಬಂದ್. "ಸಾಕ್ಷಿ ಹೇಳಿ ಆಮೇಲೆ ಮಾತ್ರೆ ನುಂಗಿದ್ರೆ ಜನ ಏನಂತಾರೆ? ದೇವರು ಏನನ್ಕೋತಾನೆ?" ಎಂದನಂತೆ. ಇಂದ್ರಾಣಿ ಒತ್ತಾಯ ಮಾಡಲಿಲ್ಲ. ಅವಳಿಗೂ ಆಸೆ ಇತ್ತಲ್ಲ, ಯಾವ ಹೆಂಡತಿಗೆ ಇರುವುದಿಲ್ಲ?

ಆ ಕಾರ್ಯಕ್ರಮದ ಹಿಂದಿನ ದಿನ, ಶುಕ್ರವಾರ ಸಂಜೆ ಪ್ರಮೋದ್ ಫಾಲ್ ಹೊಲಿಯುತ್ತಿದ್ದ. ಸೂಜಿ ಹಿಡಿದ ಕೈ ಹಾಗೇ ನಿಂತುಹೋಯಿತು. ಕಣ್ಣು ಗೋಡೆಯ ಮೇಲೆ ನೆಟ್ಟಿತ್ತು, ತುಟಿ ಏನೋ ಜಗಿಯುವಂತೆ ಅಲ್ಲಾಡುತ್ತಿತ್ತು. ಇಂದ್ರಾಣಿ "ರೀ... ರೀ..." ಎಂದು ಕರೆದರೂ ಉತ್ತರವಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಏನೂ ಆಗದವನಂತೆ ಹೊಲಿಗೆ ಮುಂದುವರಿಸಿದ. ಕೇಳಿದರೆ, "ಯಾವಾಗ ಕರ್ದೆ? ನಿಂಗೆ ಭ್ರಮೆ" ಎಂದು ರೇಗಿದ. ದೊಡ್ಡ ಫಿಟ್ಸ್ ಬರುವ ಮುಂಚೆ ಮೊದಲೆಲ್ಲ ಹೀಗೇ ಆಗುತ್ತಿತ್ತು.

ಮರುದಿನ ಬೆಳಿಗ್ಗೆ ಅವಳು ಮೊಣಕಾಲೂರಿ ಪ್ರಾರ್ಥನೆ ಮಾಡಿದಳು. ಒಂದು ಗುರುತು ಕೊಡಪ್ಪಾ ಎಂದು ಬೇಡಿದಳು. ಆಮೇಲೆ ನನ್ನ ಬಾಗಿಲಿಗೆ ಬಂದು ನಿಂತಳು. "ದೇವ್ರು ಏನೂ ಹೇಳ್ಲಿಲ್ಲ ಅಕ್ಕಾ. ನಿಮ್ಮನೆ ಮಿಕ್ಸಿ ಸದ್ದು ಬಿಟ್ರೆ ಏನೂ ಕೇಳಿಸ್ಲಿಲ್ಲ. ಆದ್ರೆ ನಿನ್ನೆ ಸಂಜೆ ನನ್ನ ಕಣ್ಣಿಗೆ ತೋರ್ಸಿದ್ನಲ್ಲ, ಅದಕ್ಕಿಂತ ಇನ್ನೇನು ಬೇಕು?" ಎಂದಳು. ನನ್ನ ಮೊಮ್ಮಗಳು ಹನ್ನ ಆಗಲೇ ವ್ಯಾನ್ ಹತ್ತಿರ ಹೋಗಿಯಾಗಿತ್ತು!

ಇಬ್ಬರೂ ಓಡಿದೆವು. ವ್ಯಾನ್ ತುಂಬ ಮಕ್ಕಳು, ಕಿವಿ ಕಿತ್ತುಹೋಗುವಷ್ಟು ಹಾಡು, ಕಿರುಚಾಟ. ಪ್ರಮೋದ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಇಂಜಿನ್ ಶುರು ಮಾಡಿದ್ದ. ಬನ್ನೇರುಘಟ್ಟ ರಸ್ತೆಯ ಆ ಟ್ರಾಫಿಕ್ಕು, ಲಾರಿಗಳು, ಎಲ್ಲ ನನ್ನ ಕಣ್ಣಮುಂದೆ ಬಂತು. ಇಂದ್ರಾಣಿ ಸೀದಾ ಹೋಗಿ ವ್ಯಾನಿನ ಮುಂದೆ ನಿಂತಳು.

"ದಾರಿ ಬಿಡು ಇಂದ್ರ."

"ಬಿಡಲ್ಲ. ಮಕ್ಕಳನ್ನ ಇಳಿಸ್ರೀ."

ಪಾಸ್ಟರ್ ಓಡಿಬಂದರು. ಅವಳು ಶುಕ್ರವಾರದ್ದನ್ನು ಹೇಳಿದಳು. ಮಾತ್ರೆ ನಿಲ್ಲಿಸಿದ್ದನ್ನೂ ಹೇಳಿದಳು. "ಸಿಸ್ಟರ್, ದೇವರು ಕೊಟ್ಟ ಬಿಡುಗಡೆ ಮೇಲೆ ಅನುಮಾನನಾ? ಇದು ಅಪನಂಬಿಕೆ. ಸೈತಾನನಿಗೆ ಬಾಗಿಲು ತೆಗೀತಿದೀರ" ಎಂದರು ಅವರು.

"ದೇವರ ಮೇಲೆ ಅನುಮಾನ ಇಲ್ಲ ಪಾಸ್ಟರ್. ಎಚ್ಚರವಾಗಿರಿ ಅಂತ ವಾರವಾರ ನೀವೇ ಹೇಳ್ತೀರ. ಎಚ್ಚರವಾಗಿದ್ದೀನಿ, ಅಷ್ಟೇ. ವಾಸಿಯಾಗಿದ್ರೆ ಡಾಕ್ಟರೇ ನೋಡಿ ಹೇಳ್ಲಿ. ಅಲ್ಲೀವರೆಗೂ ಬೇರೆಯವರ ಮಕ್ಕಳನ್ನಿಟ್ಟು ದೇವರನ್ನ ಪರೀಕ್ಷೆ ಮಾಡೋದು ಬೇಡ."

"ಎಲ್ಲರ ಮುಂದೆ ನನ್ನ ಮಾನ ಕಳೀತಿದೀಯಲ್ಲೇ!" ಪ್ರಮೋದ್ ಹಾರ್ನ್ ಒತ್ತಿದ, ಕೈ ತೆಗೆಯಲೇ ಇಲ್ಲ. ವ್ಯಾನ್ ಒಂದು ಗೇಣು ಮುಂದೆ ಬಂತು. ಅವಳ ಸೀರೆಗೆ ಬಂಪರ್ ತಾಗಿತು. ಅವಳು ಕದಲಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ನನಗೆ ಪಿತ್ತ ನೆತ್ತಿಗೇರಿತು. ಬಾಗಿಲು ಎಳೆದು, "ಹನ್ನಾ, ಇಳಿಯೇ ಕೆಳಗೆ! ಏನು ಎಲ್ರೂ ಬಾಯಿ ಬಿಟ್ಕೊಂಡು ನೋಡ್ತಿದೀರ? ನಿಮ್ಮ ನಿಮ್ಮ ಮಕ್ಕಳನ್ನ ಇಳಿಸ್ಕೊಳ್ಳಿ!" ಎಂದು ಗದರಿದೆ. ಒಬ್ಬೊಬ್ಬರಾಗಿ ತಾಯಂದಿರು ಮುಂದೆ ಬಂದರು. ಟೀಚರುಗಳು ಮಕ್ಕಳನ್ನು ಸಾಲಾಗಿ ಬಸ್ ಸ್ಟಾಪಿಗೆ ಕರೆದುಕೊಂಡು ಹೋದರು. ಪಾಸ್ಟರ್ ಇಂದ್ರಾಣಿಯ ಮುಖ ಕೂಡ ನೋಡದೆ ಅವರ ಹಿಂದೆ ಹೊರಟರು.

ಪ್ರಮೋದ್ ಇಂಜಿನ್ ಆರಿಸಿದ. ಡ್ರೈವರ್ ಸೀಟಿನಿಂದ ಇಳಿಯಲಿಲ್ಲ. ಇಂದ್ರಾಣಿ ಹತ್ತಿರ ಹೋದರೆ, "ನನ್ನ ಕಣ್ಣಮುಂದೆ ನಿಲ್ಬೇಡ" ಎಂದು ಗಾಜು ಏರಿಸಿಕೊಂಡ. ಮಧ್ಯಾಹ್ನ ನಾನು ಅನ್ನ ಕಳಿಸಿದರೆ ಡಬ್ಬಿ ಹಾಗೇ ವಾಪಸ್ ಬಂತು. ಸಂಜೆ ಮಕ್ಕಳು ಕುಣಿದಾಡಿಕೊಂಡು ಬಂದರು. ಇವನೂ ಮನೆಗೆ ಬಂದ, ನೆಟ್ಟಗೇ ನಡೆದು ಬಂದ. ಊಟ ಬೇಡ ಎಂದು ಗೋಡೆ ಕಡೆ ತಿರುಗಿ ಮಲಗಿದ. ಬೀದಿಯಲ್ಲಿ ಗುಸುಗುಸು ಶುರುವಾಯಿತು: ನೋಡಿ, ದಿನವೆಲ್ಲ ಬಿಸಿಲಲ್ಲಿ ಕೂತರೂ ಏನೂ ಆಗಲಿಲ್ಲ, ಅವಳಿಗೇ ಗಂಡನ ಮೇಲೆ ನಂಬಿಕೆ ಇಲ್ಲ. ನನಗೆ ಮೈಯೆಲ್ಲ ಉರಿಯಿತು.

ಭಾನುವಾರ ಆರಾಧನೆಯಲ್ಲಿ ಹೆಂಗಸರ ಕಡೆ ಇಂದ್ರಾಣಿಯ ಪಕ್ಕ ಕೂತವಳು ನಾನೊಬ್ಬಳೇ. ಸಾಕ್ಷಿ ಹೇಳುವವರು ಇದ್ದೀರಾ ಎಂದು ಪಾಸ್ಟರ್ ಕೇಳಿದರು. ಇವಳು ಎದ್ದು ನಿಂತಳು! ಕ್ಷಮೆ ಕೇಳುತ್ತಾಳೆ ಎಂದೇ ಎಲ್ಲರೂ ಎಣಿಸಿದರು.

"ದೇವರಿಗೆ ಸ್ತೋತ್ರ. ನಿನ್ನೆ ಏನೂ ಆಗ್ಲಿಲ್ಲ. ಮಕ್ಕಳೆಲ್ಲ ಮನೆ ಸೇರಿದ್ರು. ನನ್ನ ಗಂಡ ಕ್ಷೇಮವಾಗಿದ್ದಾರೆ. ಅದೇ ನನ್ನ ಸಾಕ್ಷಿ."

ನಾನು ಗಟ್ಟಿಯಾಗಿ ಆಮೆನ್ ಅಂದೆ. ಬೇರೆ ಯಾರೂ ಅನ್ನಲಿಲ್ಲ. ಅವಳು ಕೂರುವಷ್ಟರಲ್ಲಿ ಗಂಡಸರ ಕಡೆಯಿಂದ ಪ್ರಮೋದ್ ಎದ್ದ. ಅಯ್ಯೋ ದೇವರೇ, ಇಲ್ಲೂ ಜಗಳವಾಗುತ್ತದಲ್ಲಪ್ಪಾ ಎಂದುಕೊಂಡೆ. ಅವನು ಮೈಕ್ ತೆಗೆದುಕೊಳ್ಳಲಿಲ್ಲ. ಮಾತು ತೊದಲುತ್ತಿತ್ತು.

"ಏನೂ ಆಗ್ಲಿಲ್ಲ ಅನ್ನೋದು ನಿಜ ಅಲ್ಲ" ಎಂದ. ನಾಲಿಗೆ ಹೊರಚಾಚಿ ತೋರಿಸಿದ. ಒಂದು ಪಕ್ಕ ಪೂರ್ತಿ ಕಚ್ಚಿಹೋಗಿ ಊದಿಕೊಂಡಿತ್ತು. ಅನ್ನ ಮುಟ್ಟದೆ ಮಲಗಿದ್ದು ಮುನಿಸಿಗಲ್ಲ!

ಇಂದ್ರಾಣಿ ಬಾಯಿಗೆ ಸೆರಗು ಒತ್ತಿಕೊಂಡಳು. ಪಾಸ್ಟರ್ ಮೈಕ್ ಕೆಳಗಿಳಿಸಿದರು.

"ಬಸ್ಸಿಗೆ ಮಕ್ಕಳು ಹೋದ ಸ್ವಲ್ಪ ಹೊತ್ತಿಗೇ ಬಂತು. ಆಗ ವ್ಯಾನ್ ಬನ್ನೇರುಘಟ್ಟ ರೋಡಲ್ಲಿ ಇರ್ಬೇಕಿತ್ತು. ಕಣ್ಣು ಬಿಟ್ಟಾಗ ಸ್ಟೀರಿಂಗ್ ಮೇಲೆ ಬಿದ್ದಿದ್ದೆ. ಎಲ್ಲಿದ್ದೀನಿ, ಏನು ಮಾಡ್ಬಿಟ್ಟೆ ಅಂತ ಗೊತ್ತಾಗ್ಲಿಲ್ಲ. ಹೆದರ್ಕೊಂಡು ತಿರುಗಿ ನೋಡ್ದೆ. ಹಿಂದಿನ ಸೀಟೆಲ್ಲ ಖಾಲಿ ಇತ್ತು. ಸ್ತೋತ್ರ."