ಎತ್ತಿಪೋತದಲ್ಲಿ ಹೇಳಿದ ಸುಳ್ಳು

ವಾಡಿಯಿಂದ ಚಿಂಚೋಳಿಯ ಎತ್ತಿಪೋತ ಜಲಪಾತಕ್ಕೆ ಅಬ್ಬಬ್ಬಾ ಎಂದರೆ ಎರಡೂವರೆ ತಾಸಿನ ದಾರಿ. ನನ್ನ ಹೆಂಡತಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಲು ನನಗೆ ಇಪ್ಪತ್ತಾರು ವರ್ಷ ಬೇಕಾಯಿತು. ಬೇಸಿಗೆಯಲ್ಲಿ ಕೇಳಿದರೆ ನೀರಿಲ್ಲ ಅನ್ನುತ್ತಿದ್ದೆ, ಮಳೆಗಾಲದಲ್ಲಿ ಕೇಳಿದರೆ ರಜೆಯಿಲ್ಲ ಅನ್ನುತ್ತಿದ್ದೆ. ಗೆಳೆಯರ ಮನೆಯ ಮದುವೆಗಳಿಗೆ ಮಾತ್ರ ಅದು ಹೇಗೋ ರಜೆ ಸಿಗುತ್ತಿತ್ತು. ಅವಳು ತನ್ನ ತಂಗಿ ಕಳಿಸಿದ ಜಲಪಾತದ ಫೋಟೋವನ್ನು ಮೊಬೈಲಿನಲ್ಲಿ ಎರಡು ಬೆರಳಿಂದ ಹಿಗ್ಗಿಸಿ ನೋಡುತ್ತಿದ್ದಳು.

ಅವಳ ಹೃದಯ ಸೋತಿದೆ, ಹೆಚ್ಚು ದಿನವಿಲ್ಲ ಎಂದು ಡಾಕ್ಟರು ನನ್ನೊಬ್ಬನನ್ನೇ ಕರೆದು ಹೇಳಿದ ಮೇಲೆ ನನಗೆ ಬುದ್ಧಿ ಬಂತು. ದಸರೆ ಮುಗಿದು ಆಕಾಶ ತಿಳಿಯಾಗಿತ್ತು. ಜಲಪಾತದಲ್ಲಿ ಇನ್ನೂ ನೀರಿದೆ ಎಂದು ಅವಳ ತಂಗಿ ತಿಳಿಸಿದಳು. ಗಾಡಿ ಗೊತ್ತುಮಾಡಿದೆ. ಅವಳು ಬೆಳಿಗ್ಗೆ ಬೇಗ ಎದ್ದು ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡಳು.

“ಛತ್ರಿ ತಗೊಳ್ರಿ” ಅಂದಳು.

“ಇಷ್ಟು ಬಿಸಿಲು ಬಿದ್ದದ, ಛತ್ರಿ ಯಾಕ?” ಎಂದು ರೇಗಿದೆ. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು.

ಸೇಡಂ ದಾಟುವಷ್ಟರಲ್ಲಿ ಮೋಡ ಕವಿಯಿತು. ಚಿಂಚೋಳಿಯ ಕಾಡು ಮುಟ್ಟಿದಾಗ ಮಳೆ ಹುಚ್ಚು ಹಿಡಿದಂತೆ ಸುರಿಯುತ್ತಿತ್ತು. ಗಾಡಿ ನಿಂತಲ್ಲಿಂದ ಕೆಳಗಿಳಿಯುವ ಕಲ್ಲುದಾರಿಯಲ್ಲಿ ಅವಳು ಹತ್ತು ಹೆಜ್ಜೆ ಇಟ್ಟಳೋ ಇಲ್ಲವೋ, ಬಂಡೆ ಹಿಡಿದು ನಿಂತುಬಿಟ್ಟಳು. ತುಟಿ ನೀಲಿಗಟ್ಟಿತ್ತು. ಹಿಂದಕ್ಕೆ ಕರೆತಂದು ಗಾಡಿಯಲ್ಲಿ ಕೂಡಿಸಿದೆ.

“ನೀ ಕುಂದ್ರು. ದಾರಿ ಹೆಂಗದ ನೋಡಿ ಬರ್ತೀನಿ” ಎಂದು ಮೊಬೈಲನ್ನು ಅವಳ ಕೈಯಲ್ಲಿಟ್ಟು ಒಬ್ಬನೇ ಇಳಿದೆ.

ತಿರುವು ದಾಟಿದೊಡನೆ ಜಲಪಾತ ಎದುರಿಗೇ ಇತ್ತು. ಬಂಡೆಯಗಲಕ್ಕೂ ಕೆಂಪು ನೀರು ಧುಮ್ಮಿಕ್ಕುತ್ತಿತ್ತು, ನಿಂತ ನೆಲ ಅದುರುತ್ತಿತ್ತು. ಫೋಟೋದಲ್ಲಿದ್ದದ್ದು ಇದರ ಕಾಲು ಭಾಗವೂ ಅಲ್ಲ. ಮೈಮರೆತು ನೋಡಿದೆ, ಎಷ್ಟು ಹೊತ್ತೋ. ಆಮೇಲೆ ಅವಳ ನೆನಪಾಗಿ ನಾಚಿಕೆಯಾಯಿತು. ಅವಳಿಗೆ ನಿಜ ಹೇಳಿದರೆ ತೆವಳಿಕೊಂಡಾದರೂ ಬಂದೇ ಬರುತ್ತಾಳೆ, ಅವಳ ಹಟ ನನಗೆ ಗೊತ್ತು.

“ಏನೂ ಕಾಣಂಗಿಲ್ಲ, ಬರೇ ಮಂಜು. ನಾ ಸೈತ ನೋಡಲಿಲ್ಲ” ಎಂದೆ, ಗಾಡಿಗೆ ಮರಳಿ ಬಂದು.

ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಸೆರಗಿನಿಂದ ನನ್ನ ತಲೆ ಒರೆಸಿದಳು.

“ಇಷ್ಟು ದೂರ ಬಂದು ನಿಮಗೂ ನೋಡ್ಲಿಕ್ಕಾಗಲಿಲ್ಲಲ್ರೀ, ನನ್ನ ಸಲುವಾಗಿ.”

ಗಾಡಿಯೊಳಗೇ ಬುತ್ತಿ ಬಿಚ್ಚಿ ಮೊದಲು ನನಗೆ ಕೊಟ್ಟಳು.

ಸಂಕ್ರಾಂತಿಗೆ ಮುಂಚೆ ಅವಳು ಹೋದಳು. ಕೊನೆಯ ವಾರ ಆಸ್ಪತ್ರೆಯಲ್ಲಿ ತಂಗಿಯ ಕೈ ಹಿಡಿದು, ಉಸಿರು ಕೂಡಿಸಿಕೊಂಡು ಒಂದು ಮಾತು ಹೇಳಿದಳು.

“ಮುಂದಿನ ಮಳಿಗಾಲದಾಗ ಇವರನ್ನ ಎತ್ತಿಪೋತಕ್ಕ ಕರ್ಕೊಂಡು ಹೋಗವ್ವಾ. ಪಾಪ, ಇವರು ನೋಡೇ ಇಲ್ಲ.”

ನಾನು ಮಂಚದ ಈಚೆ ಬದಿಯಲ್ಲೇ ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.